ಮೂರನೇ ಗೇರು ಮತ್ತು ಮನೆದೇವರ ಹೂವು

ಸೊಲೆನಾಯ್ಡ್ ಅನ್ನುವ ಪದವನ್ನು ನಾನು ಪ್ರತಿ ವರ್ಷ ಹತ್ತನೇ ತರಗತಿಯ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಕರೆಂಟು ಹಾಯಿಸಿದರೆ ಅಯಸ್ಕಾಂತ, ಕರೆಂಟು ನಿಲ್ಲಿಸಿದರೆ ಬರೀ ತಂತಿ. ಮಕ್ಕಳು ಮೊಳೆಗೆ ತಂತಿ ಸುತ್ತಿ ಗುಂಡುಪಿನ್ನು ಎತ್ತಿ ಚಪ್ಪಾಳೆ ತಟ್ಟುತ್ತಾರೆ, ಗಂಟೆ ಹೊಡೆಯುತ್ತದೆ, ಪಾಠ ಮುಗಿಯುತ್ತದೆ. ಈ ಸೊಲೆನಾಯ್ಡ್ ಒಂದು ದಿನ ನನ್ನ ಮನೆಯೊಳಗೇ ಬಂದು ಕೂತು ನನ್ನ ಕಾರನ್ನು ಮಾರಿಸುವ ಮಟ್ಟಕ್ಕೆ ಹೋಗುತ್ತದೆ ಅಂತ ಯಾರಾದರೂ ಹೇಳಿದ್ದರೆ, ‘ಹೋಗಯ್ಯ, ನಿನ್ ಕೆಲ್ಸ ನೋಡ್ಕೋ’ ಅಂದು ಕಳಿಸಿರುತ್ತಿದ್ದೆ.

ನನ್ನ ಎಡಗಾಲಿಗೆ ಬಲವಿಲ್ಲ. ಕೂಸಾಗಿದ್ದಾಗ ಪೋಲಿಯೋ ಆಗಿತ್ತು. ಇದನ್ನು ಹೇಳಿದ ಕೂಡಲೇ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಗೀಪ ಏನೂ ಬೇಡ. ಕಾಲಿನ ಕಷ್ಟ ಕಾಲಿನದಲ್ಲ, ಇನ್ನೊಬ್ಬರಿಗಾಗಿ ಕಾಯುವುದರದ್ದು. ನಮ್ಮ ಮನೆ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಪಕ್ಕದ ಹಳ್ಳಿ. ನಾನು ಪಾಠ ಮಾಡುವ ಶಾಲೆ ನಾಗಮಂಗಲ ದಾಟಿ ದೇವಲಾಪುರದ ಕಡೆ. ಎಷ್ಟೋ ವರ್ಷ ಬಸ್ಸು ಹತ್ತಿ ಇಳಿದು, ಮತ್ತೊಂದು ಬಸ್ಸು ಹತ್ತಿ ಇಳಿದು ಓಡಾಡಿದೆ. ಸ್ಟಾಪಿನವರೆಗೆ ಬಿಡಲು ಗಂಡ, ಗಂಡ ಇಲ್ಲದ ದಿನ ಮಾವ. ಅವರ ಪುರುಸೊತ್ತಿಗೆ ಹೊರಡಬೇಕು, ಅವರ ಪುರುಸೊತ್ತಿಗೆ ಬರಬೇಕು. ಕ್ಲಚ್ಚು ತುಳಿಯಲು ಎಡಗಾಲು ಬೇಕು, ಹಾಗಾಗಿ ಕಾರು ಕಲಿಯುವ ಮಾತೇ ಇರಲಿಲ್ಲ. ಕೊನೆಗೆ ಕ್ಲಚ್ಚೇ ಇಲ್ಲದ, ಗೇರು ತಾನೇ ಬದಲಾಯಿಸಿಕೊಳ್ಳುವ ಒಂದು ಹಳೇ ಕಾರು ಕೊಂಡೆ. ಬ್ರೇಕು, ಆಕ್ಸಿಲರೇಟರು, ಎರಡಕ್ಕೂ ಬಲಗಾಲು ಸಾಕು. ಮೊದಲ ದಿನ ಒಬ್ಬಳೇ ಶಾಲೆಗೆ ಹೋಗಿ ಬಂದು, ಅಂಗಳದಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು ಅತ್ತಿದ್ದೆ. ಖುಷಿಗೆ.

ಮಾವ ಆ ದಿನ ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ಟು ತಟ್ಟಿ, ‘ಒಳ್ಳೆ ಸಾಧು ದನ ಇದ್ದಂಗೈತೆ’ ಅಂದರು. ‘ಮಾವ, ಇದರಲ್ಲಿ ಗೇರೇ ನನ್ನ ಎಡಗಾಲು’ ಅಂತ ನಾನು ಹೇಳಿದ್ದೆ. ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು ಅನ್ನುವುದು ಆಮೇಲೆ ಗೊತ್ತಾಯಿತು.

ನನ್ನ ಮಾವ ರೈತರು. ಕಬ್ಬು, ಭತ್ತ, ಎರಡು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಸುಳ್ಳು ಹೇಳದ ಮನುಷ್ಯ ಅಂತ ಸುತ್ತಲೂ ಹೆಸರು. ಒಮ್ಮೆ ಹಸು ಮಾರುವಾಗ ಕೊಳ್ಳಲು ಬಂದವನಿಗೆ ತಾವೇ ‘ಒದೀತದೆ ಕಣಪ್ಪ, ಕಾಲು ಕಟ್ಟಿ ಕರೀಬೇಕು’ ಅಂದು ವ್ಯಾಪಾರ ಕೆಡಿಸಿಕೊಂಡಿದ್ದರು. ಅತ್ತೆ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ನನ್ನ ಮದುವೆಯೂ ಅವರ ಮಾತಿನ ಮೇಲೇ ಆದದ್ದು. ಕುಂಟು ಹೆಣ್ಣು ಬೇಡ ಅಂತ ಅವರ ನೆಂಟರೆಲ್ಲ ಎಗರಾಡಿದಾಗ, ಇವರು ಮನೆದೇವರ ಗುಡಿಗೆ ಹೋಗಿ ಹೂವು ಕೇಳಿ ಬಂದರು. ನಮ್ಮ ಕಡೆ ಹೀಗೆ. ದೇವಿಯ ವಿಗ್ರಹದ ಎಡಕ್ಕೂ ಬಲಕ್ಕೂ ಹೂವು ಅಂಟಿಸುತ್ತಾರೆ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಬಲಕ್ಕೆ ಬಿತ್ತು ಅಂತ ಮಾವ ಬಂದು ಹೇಳಿದರು. ಅಲ್ಲಿಗೆ ನೆಂಟರ ಬಾಯಿ ಮುಚ್ಚಿತು. ನಾನು ವಿಜ್ಞಾನದ ಮೇಷ್ಟ್ರೇ ಇರಬಹುದು, ಆ ಹೂವಿನ ಋಣ ಮಾತ್ರ ನನ್ನ ಮೇಲಿದೆ.

ಆಯುಧಪೂಜೆ ಬಂತೆಂದರೆ ಮಾವನ ಕೈಗೆ ಸಿಕ್ಕಿದ್ದೆಲ್ಲ ತೊಳೆಸಿಕೊಳ್ಳಲೇಬೇಕು. ಟ್ರಾಕ್ಟರು, ನೇಗಿಲು, ಮಚ್ಚು, ಕುಡುಗೋಲು, ಮೇವು ಕತ್ತರಿಸುವ ಮಿಷನ್ನು, ಅತ್ತೆಯ ಮಿಕ್ಸಿ ಸಮೇತ. ಕಳೆದ ವರ್ಷ ನನ್ನ ಕಾರನ್ನು ಗದ್ದೆಯ ಪಂಪ್‌ಸೆಟ್ಟಿನ ಹತ್ತಿರ ತರಿಸಿ, ಬೋರಿನ ಪೈಪು ಹಿಡಿದು ನಿಂತರು. ಬಾನೆಟ್ಟನ್ನೂ ತೆರೆಸಿದರು.

‘ಒಳಗೆಲ್ಲ ನೀರು ಬಿಡಬಾರದು ಮಾವ’ ಅಂದೆ.

‘ಮೊಕ ಮಾತ್ರ ತೊಳ್ಕೊಂಡು ಹಬ್ಬ ಮಾಡಕ್ಕಾಯ್ತದಾ? ಹೊಟ್ಟೇನೂ ತೊಳೀಬೇಕು ಕಣವ್ವ. ನೀ ಹೋಗು, ಒಲೆ ಮೇಲೆ ಬೇಳೆ ಐತೆ.’

ಎಮ್ಮೆಯನ್ನು ನಾಲೆಯಲ್ಲಿ ಉಜ್ಜಿದ ಹಾಗೆ ಉಜ್ಜಿದರು. ಮಧ್ಯಾಹ್ನ ಕಾರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದದ್ದಾಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಅತ್ತೆ ಓಕುಳಿ ನೀರಿನ ಆರತಿ ತಟ್ಟೆ ಹಿಡಿದು ಬಂದರು. ಅರಿಶಿನದ ನೀರಿಗೆ ಸುಣ್ಣ ಕಲಸಿದರೆ ರಕ್ತದ ಹಾಗೆ ಕೆಂಪಾಗುತ್ತದಲ್ಲ, ಅದು. ಅಷ್ಟು ಹೊತ್ತಿಗೆ ನಾನು ಒಬ್ಬಟ್ಟಿನ ಹೆಂಚಿನ ಮುಂದೆ ವಾಪಸು ನಿಂತಿದ್ದೆ.

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲೇ ಕಾರು ಕೈ ಕೊಟ್ಟಿತು. ಸಂಜೆ ಶಾಲೆಯಿಂದ ಬರುತ್ತಿದ್ದೆ, ಮಳೆ ಸಣ್ಣಗೆ ಹನಿದು ನಿಂತಿತ್ತು. ನಾಗಮಂಗಲ ದಾಟಿ ಒಂದು ಏರಿನಲ್ಲಿ ಮೀಟರಿನ ಮೇಲೆ ಇಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿತು. ಗಾಡಿ ಒಮ್ಮೆ ಧಡ್ ಅಂದು ಎಳೆಯುವುದನ್ನೇ ಬಿಟ್ಟಿತು. ಎಷ್ಟು ತುಳಿದರೂ ಗೊರ್ ಅನ್ನುತ್ತದೆಯೇ ಹೊರತು ಮೇಲಿನ ಗೇರಿಗೂ ಹೋಗುವುದಿಲ್ಲ, ಕೆಳಗಿನದಕ್ಕೂ ಇಳಿಯುವುದಿಲ್ಲ. ಹಿಂದೆ ಜಲ್ಲಿ ತುಂಬಿದ ಟಿಪ್ಪರಿನವನು ಹಾರನ್ನು ಒತ್ತಿ ಹಿಡಿದುಬಿಟ್ಟ. ಏನಪ್ಪಾ ಗತಿ ಅಂದುಕೊಂಡೆ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ ಫೋನು ಮಾಡಿದೆ. ಗಂಡ ಶ್ರೀರಂಗಪಟ್ಟಣದ ತಾಲ್ಲೂಕು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರು. ಮಾವ ಮೊಪೆಡ್ಡು ಹತ್ತಿ ಬಂದರು.

ನಾನು ಮೋರಿಕಟ್ಟೆಯ ಮೇಲೆ ಕೂತಿದ್ದೆ. ಮಾವ ರಸ್ತೆ ದಾಟಿ ಬರುವಷ್ಟರಲ್ಲಿ ಇನ್ನೊಂದು ಟಿಪ್ಪರು ನನ್ನ ಕಾರಿಗೆ ಒಂದು ಗೇಣು ಬಿಟ್ಟು ಬುರ್ರನೆ ಹೋಯಿತು. ನಾನು ಎದ್ದೆ, ಕಾಲು ಜಾರಿ ಮತ್ತೆ ಕೂತೆ. ಮಾವ ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡರು. ಟಿಪ್ಪರು ಮರೆಯಾದ ಮೇಲೂ ಬಿಡಲಿಲ್ಲ. ನಾನು ಮತ್ತೆ ಜಾರದಿರಲಿ ಅಂತ ಇರಬೇಕು ಅಂದುಕೊಂಡೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಗಾಡಿ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಟಿತು. ಮಾವ ಮನೆಯವರೆಗೂ ಮೊಪೆಡ್ಡಿನಲ್ಲಿ ನನ್ನ ಹಿಂದೆಯೇ ಬಂದರು.

ಮಾರನೇ ಬೆಳಿಗ್ಗೆ ಮತ್ತೆ ಅದೇ ದೀಪ, ಅದೇ ಗೊರ್. ಆ ಶನಿವಾರ ಗಂಡನ ಜೊತೆ ಶ್ರೀರಂಗಪಟ್ಟಣದ ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ಕು ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿದ್ದ ಡಬ್ಬಿಯನ್ನು ನೋಡಿ, ‘ಪಿ, ಸೊನ್ನೆ, ಏಳು, ಐದು, ಮೂರು. ಶಿಫ್ಟ್ ಸೊಲೆನಾಯ್ಡು ಮೇಡಂ’ ಅಂದ.

‘ಸೊಲೆನಾಯ್ಡಾ?’ ಅಂದೆ. ನಮ್ಮ ಕ್ಲಾಸಿನ ಹುಡುಗ ಪೇಟೆಯಲ್ಲಿ ಎದುರಿಗೆ ಸಿಕ್ಕ ಹಾಗಾಯಿತು.

ಅವನು ಹೇಳಿದ್ದು ಇಷ್ಟು. ಕಾರಿಗೆ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುವ ಒಂದು ಕಂಪ್ಯೂಟರಿದೆ. ಅದು ಮಾತಿನಲ್ಲಿ ಹೇಳುವುದಿಲ್ಲ, ಅಂಕಿಯಲ್ಲಿ ಹೇಳುತ್ತದೆ. ಈ ಅಂಕಿ ಬಂದರೆ ಗೇರು ಬದಲಿಸುವ ಸೊಲೆನಾಯ್ಡಿನ ಕರೆಂಟಿನಲ್ಲಿ ಏನೋ ತೊಡಕು. ಒಳಗೆ ಏನಾಗುತ್ತದೆ ಅನ್ನುವುದನ್ನು ಅವನು ಹೇಳುವ ಮೊದಲೇ ನಾನು ಊಹಿಸಿದೆ. ಸುರುಳಿಗೆ ಕರೆಂಟು ಹಾಯ್ದರೆ ನಡುವಿನ ಕಬ್ಬಿಣದ ಕಡ್ಡಿ ಸರಿಯುತ್ತದೆ, ಕಡ್ಡಿ ಸರಿದರೆ ಎಣ್ಣೆಯ ದಾರಿ ತೆರೆಯುತ್ತದೆ, ಆ ಎಣ್ಣೆಯ ಒತ್ತಡ ಗೇರು ಬದಲಿಸುತ್ತದೆ. ಗದ್ದೆಗೆ ತೂಬು ಎತ್ತಿ ನೀರು ಬಿಟ್ಟ ಹಾಗೆ. ಕರೆಂಟು ಸರಿಯಿಲ್ಲ ಅನ್ನಿಸಿದ ಕೂಡಲೇ ಗಾಡಿ ಗೇರ್‌ಬಾಕ್ಸು ಹಾಳಾಗದಿರಲಿ ಅಂತ ಮೂರನೇ ಗೇರು ಹಿಡಿದು ಕೂತುಬಿಡುತ್ತದೆ. ನಿಧಾನಕ್ಕೆ ಮನೆ ಸೇರಿಕೋ ಅನ್ನುವುದು ಅದರ ಲೆಕ್ಕ.

ಮೆಕ್ಯಾನಿಕ್ಕು ಬ್ಯಾಟರಿ ಸರಿಸಿ, ಗೇರ್‌ಬಾಕ್ಸಿನ ತಲೆಯ ಮೇಲಿನ ಕರೆಂಟಿನ ಪ್ಲಗ್ಗನ್ನು ಕಿತ್ತು ತೋರಿಸಿದ. ಒಳಗೆ ಕೆಂಪಗೆ ಒದ್ದೆಯಾಗಿತ್ತು. ಅವನ ಮುಖ ಸಣ್ಣಗಾಯಿತು. ‘ಗೇರೆಣ್ಣೆ ಮೇಡಂ. ಕೆಂಪು ನೋಡಿ. ಒಳಗಿಂದ ಎಣ್ಣೆ ಇಲ್ಲೀಗಂಟ ಬಂದಿದೆ ಅಂದ್ರೆ ಗೇರ್‌ಬಾಕ್ಸು ಇಳಿಸ್ಬೇಕು. ಹಳೇ ಗಾಡಿ, ಅದಕ್ಕೆ ಅಷ್ಟು ಸುರಿಯೋದು ನಾನಾದ್ರೆ ಮಾಡಲ್ಲ.’ ಪ್ಲಗ್ಗು ಸಿಕ್ಕಿಸಿ ಅಂಕಿ ಅಳಿಸಿ ಕಳಿಸಿದ.

ದಾರಿಯಲ್ಲೇ ಗಂಡ ಶುರು ಮಾಡಿದರು. ‘ಮಾರಿಬಿಡೋಣ. ಮೊದಲಿನ ಹಾಗೆ ನಾನೇ ಬಿಡ್ತೀನಿ.’

‘ಆಫೀಸು ಬಿಟ್ಟು ದೇವಲಾಪುರಕ್ಕೆ ಬಂದು ಬಿಡ್ತೀರಾ?’

‘ಬಸ್ ಸ್ಟಾಪಿಗೆ.’

‘ಅದಕ್ಕೆ ನಿಮ್ಮ ಕಾಲಿಗೆ ಬೀಳಬೇಕಾ ನಾನು?’ ಅಂದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಅತ್ತೆ ದೃಷ್ಟಿಯಾಗಿದೆ ಅಂತ ಕಾರಿಗೆ ನಿವಾಳಿಸಿ, ಮುಂದೆ ಹೊಸದಾಗಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಮಾವ ಮಾತ್ರ ಉಂಡು ಕೈ ತೊಳೆದು, ‘ನಾಳೀಕೆ ದೇವ್ರ ಕೇಳ್ಬುಡ್ತೀನಿ’ ಅಂದರು. ನಮ್ಮ ಮನೆದೇವರ ಗುಡಿ ಕೆ.ಆರ್. ಪೇಟೆ ಕಡೆಗಿದೆ. ಬೆಳಿಗ್ಗೆ ಒಬ್ಬರೇ ಹೋದರು. ಈ ಗಾಡಿ ಸೊಸೆಯ ಕೈಲಿ ಇರಬಹುದಾ ಅಂತ ಕೇಳಿಕೊಂಡು ಬರುವುದು. ಬಲಕ್ಕೇ ಕೊಡುತ್ತಾಳೆ ಅನ್ನುವ ಧೈರ್ಯ ನನಗಿತ್ತು. ಆವತ್ತು ಕೊಟ್ಟವಳು ಇವತ್ತು ಕೊಡದೆ ಇರುತ್ತಾಳಾ?

ವಾಪಸು ಬಂದವರು ತೊಟ್ಟಿಯ ಹತ್ತಿರ ಬಹಳ ಹೊತ್ತು ಕಾಲು ತೊಳೆದುಕೊಂಡರು. ಆಮೇಲೆ ನನ್ನ ಮುಖ ನೋಡದೆ, ‘ಎಡಕ್ಕೆ ಬಿತ್ತು ಕಣವ್ವ. ಆಗಿಬರಾಕಿಲ್ಲ ಅಂದ್ಬುಟ್ಳು’ ಅಂದರು.

ಗಂಡನ ಜೊತೆ ಜಗಳ ಆಡಬಹುದು, ಮೆಕ್ಯಾನಿಕ್ಕಿನ ಜೊತೆ ವಾದ ಮಾಡಬಹುದು, ಹೂವಿನ ಜೊತೆ ಏನು ಮಾಡುವುದು? ಗಂಡ ಕೆ.ಆರ್. ಪೇಟೆಯ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿಯೇ ಬಿಟ್ಟರು. ಗೇರಿನ ತೊಂದರೆ ಇದೆ ಅಂತ ಮಾವ ಅವನಿಗೆ ಮುಂಚೆಯೇ ಹೇಳಿಸಿದರು. ಭಾನುವಾರ ಬಂದು ಗಾಡಿ ಒಯ್ಯುತ್ತೇನೆ ಅಂದ ಗಿರಾಕಿ.

ಆ ವಾರ ನಾನು ಮೊಂಡು ಬಿದ್ದು ಅದೇ ಕಾರಿನಲ್ಲಿ ಶಾಲೆಗೆ ಹೋದೆ. ಹೋಗುವ ದಿನಗಳಿಷ್ಟೇ ಉಳಿದಿವೆ, ಆದದ್ದಾಗಲಿ ಅಂತ. ಹಾಗೆ ಹೋಗುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮಂಜು ಬಿದ್ದಾಗ ದೀಪ ಹತ್ತುತ್ತದೆ. ಬಿಸಿಲಲ್ಲಿ ನಿಂತಿದ್ದ ದಿನ ಸಂಜೆ ಹತ್ತುವುದಿಲ್ಲ. ಮಳೆ ಬಂದರೆ ಮತ್ತೆ ಶುರು. ಗೇರ್‌ಬಾಕ್ಸಿನೊಳಗಿನ ಸುರುಳಿ ಸದಾ ಎಣ್ಣೆಯಲ್ಲೇ ಮುಳುಗಿರುತ್ತದೆ, ಅದಕ್ಕೆ ಮಂಜೇನು, ಮಳೆಯೇನು? ಸುರುಳಿಯೇ ಸುಟ್ಟಿದ್ದರೆ ಬಿಸಿಲಲ್ಲೂ ಸುಟ್ಟೇ ಇರಬೇಕಿತ್ತು. ಅಂಕಿ ಹೇಳಿದ್ದು ಕರೆಂಟಿನ ದಾರಿಯಲ್ಲಿ ತೊಡಕು ಅಂತ. ಆ ಸಾಮಾನೇ ಸತ್ತಿದೆ ಅಂತ ಅದು ಹೇಳಲೇ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾವೆಲ್ಲ ಗೇರ್‌ಬಾಕ್ಸು ಇಳಿಸುವವರೆಗೆ ಹೋಗಿಬಿಟ್ಟಿದ್ದೆವು.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಹೆಡ್‌ಮಾಸ್ಟರನ್ನು ಕೇಳಿ ಕರೆಂಟಿನ ದಾರಿ ಅಳೆಯುವ ಲ್ಯಾಬಿನ ಮಲ್ಟಿಮೀಟರು ತಂದೆ. ಮನೆಗೆ ಬಂದು, ‘ನಾನು ಗ್ಯಾರೇಜಿಗೆ ಹೋಗ್ತೀನಿ’ ಅಂದೆ. ಗಂಡ ಊರಿನಲ್ಲಿರಲಿಲ್ಲ. ‘ಒಬ್ಳೇ ಬ್ಯಾಡ’ ಅಂತ ಮಾವ ಟವೆಲ್ಲು ಹೆಗಲಿಗೆ ಹಾಕಿ ಪಕ್ಕದ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಟಿಪ್ಪರು ಎದುರಾದಾಗಲೆಲ್ಲ ಇಲ್ಲದ ಬ್ರೇಕನ್ನು ತಾವೂ ತುಳಿಯುತ್ತಿದ್ದರು.

ಮೆಕ್ಯಾನಿಕ್ಕಿಗೆ ಮೀಟರು ಕಂಡು ನಗು ಬಂತು. ‘ಏನ್ ಮೇಡಂ, ಪರೀಕ್ಷೆ ತಗೊಳಕ್ಕೆ ಬಂದ್ರಾ?’

‘ನಿಮ್ಮದಲ್ಲ, ಸೊಲೆನಾಯ್ಡಿಂದು. ಪ್ಲಗ್ಗು ಕೀಳಿ.’

ಒಳ್ಳೆಯ ಮನುಷ್ಯ, ಕಿತ್ತ. ಯಾವ ಪಿನ್ನು ಯಾವುದರದ್ದು ಅಂತ ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದ. ತೊಂದರೆ ಅಂದ ಸುರುಳಿಯನ್ನು ಅಳೆದೆವು, ಪಕ್ಕದ ಒಳ್ಳೆಯ ಸುರುಳಿಯನ್ನೂ ಅಳೆದೆವು. ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸಿದವು. ಸುರುಳಿ ಗಟ್ಟಿಮುಟ್ಟಾಗಿದೆ. ಆಮೇಲೆ ಕೆಂಪು ಒದ್ದೆ ಹಿಡಿದಿದ್ದ ಪ್ಲಗ್ಗಿನ ಎರಡು ಪಿನ್ನುಗಳಿಗೆ ಮೀಟರಿನ ಕಡ್ಡಿ ಇಟ್ಟರೆ, ಏನೂ ತೋರಿಸಬಾರದ ಕಡೆ ಮೀಟರು ಅಂಕಿ ತೋರಿಸಿತು. ಕರೆಂಟು ಅಲ್ಲೇ ಅಡ್ಡದಾರಿ ಹಿಡಿದಿತ್ತು.

‘ಅದೇ ಎಣ್ಣೆ ಮೇಡಂ’ ಅಂದ.

‘ಎಣ್ಣೆಯಲ್ಲಿ ಕರೆಂಟು ಹರಿಯಲ್ಲ ಕಣಪ್ಪ.’ ಬೆರಳಿನಿಂದ ಒರೆಸಿ ಉಜ್ಜಿದೆ. ಜಿಡ್ಡಿಲ್ಲ. ಹುಡಿ ತರಿತರಿಯಾಗಿ ಸಿಕ್ಕಿತು. ಮೂಸಿದೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಬಿಳೀ ಕಾಗದದ ಮೇಲೆ ಒರೆಸಿ, ಅತ್ತೆ ಕಾರಿನ ಮುಂದೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತು, ಮೆಕ್ಯಾನಿಕ್ಕಿನ ಚಾಕುವಿನಲ್ಲೇ ಕೊಯ್ದು ಹಿಂಡಿದೆ. ಕೆಂಪು ಕಲೆ ಹಳದಿಯಾಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ. ಅದೂ ಪಾಠದಲ್ಲಿರುವುದೇ.

‘ಅರೆರೆ! ಗೇರ್‌ಬಾಕ್ಸ್ ಮೇಲೆ ಹೋಳಿ ಆಡಿದ್ರಾ ಮೇಡಂ?’ ಮೆಕ್ಯಾನಿಕ್ಕು ಹೊಟ್ಟೆ ಹಿಡಿದು ನಕ್ಕ.

ನಾನು ಮಾವನ ಕಡೆ ತಿರುಗಿದೆ. ಅವರು ಟವೆಲ್ಲಿನ ತುದಿ ಹಿಂಡುತ್ತಾ ನಿಂತಿದ್ದರು.

‘ಆರತಿ ಆದ್ಮೇಲೆ ತಟ್ಟೇಲಿ ಓಕುಳಿ ಒಸಿ ಮಿಕ್ಕಿತ್ತು ಕಣವ್ವ. ಎಲ್ರೂ ಚಕ್ರದ ಮುಂದ್ಕೆ ಉಯ್ತಾರೆ. ನಾನು ಗೇರು ಎಲ್ಲೈತೆ ಅಂತ ನಿನ್ ಗಂಡನ್ನ ಕೇಳಿ, ಅದ್ರ ತಲೆ ಮ್ಯಾಲೆ ಉಯ್ದೆ. ಗೇರೇ ನನ್ ಕಾಲು ಅಂತ ನೀನೇ ಅಂದಿದ್ಯಲ್ಲ. ಅದ್ಕೆ ಯಾರ ಕಣ್ಣೂ ತಾಕ್ದಂಗಿರ್ಲಿ ಅಂತ.’

ಬಯ್ಯಲು ಬಾಯಿ ತೆರೆದಿದ್ದೆ. ಬಯ್ಯದೆ, ಕೈಯಲ್ಲಿ ಉಳಿದಿದ್ದ ನಿಂಬೆಹೋಳನ್ನು ಅವರ ಕೈಗಿಟ್ಟೆ.

ಪ್ಲಗ್ಗಿನೊಳಗಿನ ರಬ್ಬರು ಉಂಗುರ ಹಳೆಯದಾಗಿ ಸೀಳು ಬಿಟ್ಟಿತ್ತು. ಮೊದಲು ಬೋರಿನ ನೀರು, ಆಮೇಲೆ ಓಕುಳಿ, ಎರಡೂ ಅದೇ ಸೀಳಿನಲ್ಲಿ ಇಳಿದಿದ್ದವು. ಮೆಕ್ಯಾನಿಕ್ಕು ಪಿನ್ನುಗಳನ್ನು ಸ್ಪ್ರೇ ಹೊಡೆದು ಉಜ್ಜಿ, ಗಾಳಿ ಹಿಡಿದು ಒಣಗಿಸಿ, ಹೊಸ ಉಂಗುರ ಹಾಕಿದ. ಅಂಕಿ ಅಳಿಸಿದ. ನಾನು ನೀರಿನ ಬಾಟಲಿಯನ್ನು ಪ್ಲಗ್ಗಿನ ಮೇಲೆ ಬೇಕೆಂದೇ ಸುರಿದು ಹೈವೇಯಲ್ಲಿ ಒಂದು ಸುತ್ತು ಹೋಗಿ ಬಂದೆ. ದೀಪ ಹತ್ತಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಗೇರು ಬದಲಿಸಿತು.

ವಾಪಸು ಬರುವಾಗ ಮಾವ ಕಿಟಕಿಯ ಆಚೆಗೇ ನೋಡುತ್ತಿದ್ದರು. ನನ್ನ ಖುಷಿಯೂ ನಿಧಾನಕ್ಕೆ ಇಳಿಯಿತು. ಗಾಡಿ ಸರಿಹೋದರೇನು, ಹೂವು ಎಡಕ್ಕೆ ಬಿದ್ದಾಗಿದೆ. ನಾಳೆ ಗಿರಾಕಿ ಬರುತ್ತಾನೆ.

‘ಮಾವ, ಗಾಡಿ ಕೊಟ್ಬಿಡಿ’ ಅಂದೆ. ‘ಬಲಕ್ಕೆ ಬಿತ್ತು ಅಂತ ನಿಮ್ಮನೆಗೆ ಬಂದವಳು ನಾನು. ಎಡಕ್ಕೆ ಬಿದ್ದಾಗ ನಂಬಲ್ಲ ಅಂದ್ರೆ ಆಗುತ್ತಾ? ಮತ್ತೆ ಬಸ್ಸಿಗೆ ಹೋಗ್ತೀನಿ. ಸ್ಟಾಪಿಗೆ ಬಿಡೋರಿಗೆ ಕಾಯ್ಕೊಂಡು ಕೂರ್ತೀನಿ.’ ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ರಸ್ತೆ ಮಸುಕಾಯಿತು.

ಚಿನಕುರಳಿ ಹತ್ತಿರ ಬಂದಿತ್ತು. ‘ಒಸಿ ನಿಲ್ಸವ್ವ’ ಅಂದರು. ನಿಲ್ಲಿಸಿದೆ. ಮುಂದಿನ ಗಾಜನ್ನೇ ನೋಡುತ್ತಾ ಹೇಳಿದರು.

‘ಹೂವ ಬಲಕ್ಕೇ ಬಿತ್ತು ಕಣವ್ವ.’

‘ಏನು?’

‘ಬಲಕ್ಕೇ ಕೊಟ್ಳು ತಾಯಿ. ಕೇಳಿ ಕಣ್ಮುಚ್ಚಿ ಬುಡೋದ್ರೊಳ್ಗೇ ಕೊಟ್ಬುಟ್ಳು. ನಾನೇ ಎಡಕ್ಕೆ ಅಂದೆ. ಆವತ್ತು ಮೋರಿ ತಾವ ಆ ಟಿಪ್ಪರು ಹೋಯ್ತಲ್ಲ, ನೀ ಏಳಕ್ಕೋಗಿ ಬಿದ್ದಲ್ಲ... ನಿದ್ದೆ ಬರ್ನಿಲ್ಲ ಕಣವ್ವ ನಂಗೆ. ಗಾಡಿ ಇದ್ರೆ ತಾನೇ ನೀ ಒಬ್ಳೇ ಹೋಗೋದು ಅಂತ ಅಂದ್ಬುಟ್ಟೆ.’

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮ ಮನೆಯಲ್ಲಿ ಪೂಜಾರಿಯ ಅಡ್ಡಿಯೂ ಇರಲಿಲ್ಲ, ಮಾವನೇ ತಡೆದಿದ್ದರು. ಹಸು ಒದೆಯುತ್ತದೆ ಅಂತ ಗಿರಾಕಿಗೆ ತಾವೇ ಹೇಳಿದ ಮನುಷ್ಯ! ನನಗೆ ರೇಗಿಹೋಯಿತು. ‘ದೇವರ ಹೆಸರಲ್ಲಿ ಸುಳ್ಳಾ ಮಾವ? ನೀವಾ? ಜೀವಮಾನದಲ್ಲಿ ಒಂದು ಸುಳ್ಳೂ ಹೇಳದೋರು, ನನ್ನ ಗಾಡಿ ವಿಷಯಕ್ಕೇ ಹೇಳಬೇಕಿತ್ತಾ?’

‘ಒಂದಲ್ಲ ಕಣವ್ವ’ ಅಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ‘ಇದು ಎರಡ್ನೇದು. ನಿನ್ ಮದ್ವೆಗೆ ಕೇಳ್ದಾಗ ಎಡಕ್ಕೆ ಬಿದ್ದಿತ್ತು.’

ಇಂಜಿನ್ನು ಸಣ್ಣಗೆ ಓಡುತ್ತಿತ್ತು. ಬಸ್ಸೊಂದು ಹಾರನ್ನು ಹೊಡೆದುಕೊಂಡು ಪಕ್ಕದಲ್ಲಿ ಹೋಯಿತು.

‘ಹೆಣ್ಣು ನೋಡಕ್ಕೆ ಬಂದಾಗ ನೀನು ಕಾಪಿ ಲೋಟ ತಂದು ಕೊಟ್ಟೆಯಲ್ಲ, ಒಂದು ತೊಟ್ಟೂ ತುಳುಕ್ನಿಲ್ಲ. ಅವತ್ತೇ ಈ ಮಗೀನೇ ಸೊಸೆ ಅಂದ್ಕೊಂಡಿದ್ದೆ. ಆಮೇಲೆ ಎಡಕ್ಕೆ ಬಿತ್ತು. ಬಲಕ್ಕೆ ಅಂತ ಬಂದು ಹೇಳ್ದೆ. ತಪ್ಪುಗಾಣಿಕೆ ಕಟ್ಬೇಕು ಅಂತಾನೇ ಇಷ್ಟು ವರ್ಸ ತಳ್ಳಿದ್ದೀನಿ. ಈಗ ಎರಡೂ ಸೇರ್ಸಿ ಕಟ್ಬುಡ್ತೀನಿ, ಬುಡು.’

ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಎರಡೂ ಬಂತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಗೇರಿನ ಕಡ್ಡಿ ಎಳೆದೆ. ನಮ್ಮೂರಿನ ದಾರಿಗೆ ತಿರುಗಬೇಕಾದ ಕಡೆ ತಿರುಗದೆ, ಕೆ.ಆರ್. ಪೇಟೆ ರಸ್ತೆಗೆ ನೇರ ಬಿಟ್ಟೆ.

‘ಎಲ್ಲಿಗವ್ವ?’

‘ಗುಡಿಗೆ. ತಪ್ಪುಗಾಣಿಕೆ ಕಟ್ಟಬೇಕಲ್ಲ. ಇನ್ನೆಷ್ಟು ವರ್ಷ ತಳ್ತೀರಿ?’

ಮಾವ ಸೀಟಿನ ಬೆಲ್ಟು ಎಳೆದು ಬಿಗಿಮಾಡಿಕೊಂಡರು. ‘ಒಸಿ ಮೆಲ್ಲುಗೆ ಓಡ್ಸವ್ವ’ ಅಂದರು. ರಸ್ತೆ ಖಾಲಿಯಿತ್ತು. ಗಾಡಿ ಮೂರನೇ ಗೇರು ದಾಟಿ ನಾಲ್ಕಕ್ಕೆ ಬಿತ್ತು, ನಾನು ಮೆಲ್ಲಗೆ ಓಡಿಸಲಿಲ್ಲ.